ನಿಂತವರಿದ್ದಾರೆ

ತಾಲಿನ್ನಿನ ಕೊಪ್ಲಿಯಲ್ಲಿ, ಹಳಿ ಮುಗಿದು ಟ್ರಾಮು
ತನ್ನ ಬಾಲ ತಾನೇ ನೋಡಲೆಂಬಂತೆ ತಿರುಗುವ ಕಡೆ
ಹಿಲ್ಲಾರನ ಮರದ ಮನೆ, ಮೇಲಿನ ಮಹಡಿ.
ಜನವರಿ. ಮೂರೂವರೆಗೇ ಕಿಟಕಿ ನೀಲಿಗಟ್ಟಿದೆ.
ಒಲೆಗೆ ಎರಡು ಕೊರಡು ಹಾಕಿ, ಮೇಜಿನ ಮೇಲಿಂದ
ಬ್ರೆಡ್ಡು, ಒಣಮೀನು, ಕನ್ನಡಕ ಎಲ್ಲ ಸರಿಸಿ
"ಇಡು ಇಲ್ಲಿ, ಲೇಲೋ" ಅಂದ.

ಇಟ್ಟೆ.
ಎಂಟು ನಾಬು, ಒಂಬತ್ತು ಜಾರುಗುಂಡಿ.
ಯಾರೋ ಬಳಸಿ ಮಾರಿದ್ದು; ಒಂದರ ತಲೆಗೆ
ಉಗುರುಬಣ್ಣದ ಕೆಂಪು ಚುಕ್ಕೆ.
"ಇದಕ್ಕೇನು ಹೆಸರು?"
"ಕಂಟ್ರೋಲರ್."
ನಕ್ಕ. ಮೂವತ್ತೊಂದು ವರ್ಷ
ಅವನ ಎಡಗೈ ಸವೆಸಿದ ಹಿತ್ತಾಳೆ ಹಿಡಿಕೆಗೂ
ಡಿಪೋದಲ್ಲಿ ಅದೇ ಹೆಸರು.
"ಎಷ್ಟು ಮೆಟ್ಟಿಲು ಇದಕ್ಕೆ?"
"ಸೊನ್ನೆಯಿಂದ ನೂರಿಪ್ಪತ್ತೇಳು."
"ನಂದಕ್ಕೆ ಹದಿನಾಲ್ಕಿತ್ತು. ಊರನ್ನೇ ಸಾಗಿಸಿದೆ."

ಕೇಬಲ್ಲು ಚುಚ್ಚಿದೆ. ದೀಪ ಬಂತು, ಸದ್ದು ಬರಲಿಲ್ಲ.
ಪೆಟ್ಟಿಗೆ ಒಂದನೇ ಚಾನೆಲ್ಲಿನಲ್ಲಿ ಕೂಗುತ್ತಿದೆ,
ಸಿಂಥ್ ಮೂರರಲ್ಲಿ ಕಿವಿಯಿಟ್ಟು ಕೂತಿದೆ.
ಕೋಣನದೇನೂ ತಪ್ಪಿಲ್ಲ, ಕಿನ್ನರಿಯದೂ ಇಲ್ಲ,
ನಡುವೆ ಎರಡು ಅಂಕಿಯ ದೂರ.

ಹೊಂದಿಸಿ, ಆಮೇಲೆ ಒಂದೊಂದಕ್ಕೂ ಕಲಿಸುವ ಕೆಲಸ.
'ಕಲಿ' ಒತ್ತು, ನಾಬು ತಿರುಗಿಸು, ಬಿಡು.
ನೀನು ಫಿಲ್ಟರು, ನೀನು ಎಕೋ,
ನೀನು ಸದ್ದೊಂದು ಸಾಯಲು ತೆಗೆದುಕೊಳ್ಳುವ ಹೊತ್ತು.
ಎಲ್ಲೋ ಎಡವಿದೆ:
ನಾಲ್ಕನೆಯದನ್ನು ತಿರುಗಿಸಿದರೆ ಏಳನೆಯದು ನರಳುತ್ತದೆ,
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಅಳಿಸಿ ಮತ್ತೆ ಮೊದಲಿಂದ.
ಹಿಲ್ಲಾರ್ ಚಹಾ ತಂದ, ಸಕ್ಕರೆ ಮರೆತ.
ಟೇಪು ಕತ್ತರಿಸಿ ತನ್ನದೇ ಹೆಸರು ಬರೆದು ಅಂಟಿಸಿದ:
ಫಿಲ್ಟರಿಗೆ 'ಮಂಜು', ಎಕೋಗೆ 'ಸೇತುವೆಯಡಿ',
ಏಳನೆಯದಕ್ಕೆ 'ಅತ್ತೆ'. ಯಾಕೆಂದು ನಾನು ಕೇಳಲಿಲ್ಲ.

ಈಗ ನುಡಿಸು ಅಂದೆ.
ಒಂದು ಉದ್ದ ಸ್ವರ ಹಿಡಿದ, ಗಂಟಲಿಗಿಂತ ಕೆಳಗಿನದು.
ಜಾರುಗುಂಡಿ ಕೆಳಗಿತ್ತು, ಸದ್ದು ಮೇಲಿತ್ತು;
ಬೆರಳು ತಾಗಿದ್ದೇ ತಡ
ಸದ್ದು ಧಡಕ್ಕನೆ ಬಿತ್ತು.
ಹಿಲ್ಲಾರ್ ಎದ್ದೇ ನಿಂತ.
ಅಲ್ಲಿಯವರೆಗೂ ಇರದ ಸಿಟ್ಟು.
"ಹೀಗೆ ಮಾಡಬಾರದು.
ಒಳಗೆ ನಿಂತವರಿದ್ದಾರೆ."

ಯಾರು? ಕೋಣೆಯಲ್ಲಿ ನಾವಿಬ್ಬರು, ಒಂದು ಬೆಕ್ಕು.
ಬೆಕ್ಕು ಮಲಗಿತ್ತು.
ಅವನ ಬಲಗೈ ಮಾತ್ರ ಹಿಂದಕ್ಕೆ ಚಾಚಿತ್ತು
ಬೀಳುವ ಯಾರನ್ನೋ ಹಿಡಿಯಲು:
ಮೊಟ್ಟೆಯ ಚೀಲದವಳು, ಮಗು ಎತ್ತಿಕೊಂಡವಳು, ಕುಡಿದವನು,
ತೊಗಲುಪಟ್ಟಿಗೆ ಕೈ ಎಟುಕದ ಶಾಲೆಯ ಹುಡುಗ.

ಕೈಪಿಡಿಯ ನಲವತ್ತೊಂದನೇ ಪುಟದಲ್ಲಿ ದಾರಿಯಿದೆ.
ಗುಂಡಿ ಎಲ್ಲೇ ಇರಲಿ, ಸದ್ದು ಅದರ ಮಾತು ಕೇಳುವುದಿಲ್ಲ;
ಬೆರಳು ಮೆಲ್ಲಗೆ ಬಂದು, ಬಂದು,
ಸದ್ದು ನಿಂತಲ್ಲಿಗೇ ತಾನೂ ತಲುಪಿದರೆ
ಆಗ ಕೈಹಿಡಿಯುತ್ತದೆ. ಅಲ್ಲಿಂದಾಚೆ ಜೊತೆಗೆ.
ಒಂದೇ ಸಾಲು ಬದಲಿಸಿದೆ.
ಅವನು ಕಣ್ಣು ಮುಚ್ಚಿ ಏರಿಸಿದ,
ಇಲ್ಲ, ಇಲ್ಲ, ಇನ್ನೂ ಇಲ್ಲ,
ಎಪ್ಪತ್ತರ ಹತ್ತಿರ ಏನೋ ತಾಗಿತು.
"ಹ್ಞಾ" ಅಂದ.

ಕೊನೆಗೆ ಪೆಡಲು. ಅವನ ಬೇಡಿಕೆ ಒಂದೇ:
ಕಾಲಿಟ್ಟಷ್ಟು ಹೊತ್ತು ಸಂಗೀತ,
ಕಾಲೆತ್ತಿದರೆ ಎಲ್ಲ ಬಂದ್.
ಡ್ರೈವರ್ ಕೂತಲ್ಲೇ ಸತ್ತರೂ
ಗಾಡಿ ನಿಲ್ಲಬೇಕಲ್ಲ.
ನಾನು ಮೊದಲು ಉಲ್ಟಾ ಕೊಟ್ಟಿದ್ದೆ:
ಒತ್ತಿದರೆ ಮೌನ, ಎತ್ತಿದರೆ ಅಬ್ಬರ.
"ಸತ್ತ ಮೇಲೆ ಓಡುವ ಟ್ರಾಮು" ಅಂದ.
ಸ್ವಲ್ಪ ಯೋಚಿಸಿದ.
"ಇದನ್ನೂ ಒಂದು ಕಡೆ ಸೇವ್ ಮಾಡಿಡು."

ಮಾಡಿದೆ, ಹದಿನಾರನೇ ಜಾಗದಲ್ಲಿ, ಹೆಸರಿಡದೆ.
ಒಂಬತ್ತನೇ ಜಾರುಗುಂಡಿಗೆ ಏನೂ ಕೊಡಬೇಡ ಅಂದ.
ಕೈಗೆ ಸುಮ್ಮನಿರಲೂ ಒಂದು ಜಾಗ ಬೇಕಂತೆ.

ನಾನು ಬೂಟು ಹಾಕಿಕೊಳ್ಳುವಾಗ ಗಾಜು ನಡುಗಿತು;
ಕೆಳಗೆ ಟ್ರಾಮು ಕಿರುಚಿ ತಿರುಗಿತು.
ಅವನು ಕಿಟಕಿಯತ್ತ ನೋಡಲೂ ಇಲ್ಲ.
"ಹೊಸಬ" ಅಂದ. "ಮೂರರಲ್ಲಿ ಬಂದ.
ಎರಡರಲ್ಲಿ ಬರಬೇಕು."