ಒಂಬತ್ತನೆಯ ಪ್ರಶ್ನೆ

ಹನ್ನೊಂದು ವರ್ಷ ಜೋಲಿಯಲ್ಲಿ ಕೂಸುಗಳ ತೂಕ ನೋಡಿದ್ದೇನೆ,
ಕ್ಷಯದ ಗುಳಿಗೆ ಎಣಿಸಿ ನುಂಗಿಸಿದ್ದೇನೆ
ಮೂರು ಗುಡ್ಡದಾಚೆ, ಹಿಮ ಬಿದ್ದ ದಿನವೂ.
ಈಗ ಮೊಖೋಟ್ಲಾಂಗಿನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ
ಹೇಳುತ್ತಾರೆ: ಈ ವಾರ ಕಲಿಯುವುದು
ಸುಮ್ಮನೆ ಕೂರುವುದನ್ನು.

ಹದಿನಾಲ್ಕು ಹೆಂಗಸರು, ಹೆಗಲಿಗೆ ಪಿನ್ನು ಚುಚ್ಚಿದ ಕಂಬಳಿ,
ನಡುವೆ ಒಂದು ಸೀಮೆಎಣ್ಣೆ ಒಲೆ.
ಬುದ್ಧಿ ಹೇಳಬೇಡಿ, ಎಂದಳು ನರ್ಸು ಪುಲೆಂಗ್.
ದೇವರಿದ್ದಾನೆ ಅನ್ನಬೇಡಿ.
ನನಗೂ ಹಾಗೇ ಆಗಿತ್ತು ಅನ್ನಲೇಬೇಡಿ.
ಅವರ ಮಾತು ನಿಂತ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ.
ಐದು ಎಣಿಸುವಷ್ಟರಲ್ಲಿ ನಾನು
ಎರಡು ಮದುವೆ ಮಾಡಿಸಿ ಒಂದು ಮುರಿದಿರುತ್ತೇನೆ,
ಎಂದು ನಕ್ಕಳು ಮಾಮೊಸಾ.

ಹಾಳೆಯಲ್ಲಿದ್ದ ರೋಗದ ಹೆಸರು ಯಾರ ಬಾಯಿಗೂ ಒಗ್ಗಲಿಲ್ಲ.
ಇಡೀ ಬೆಳಿಗ್ಗೆ ಅದಕ್ಕೇ ಜಗಳ.
'ಪೆಲೊ ಎ ಬೊಹ್ಲೊಕೊ' ಅಂತ ಬರೆಯಿರಿ, ಎಂದೆ:
ನೋಯುವ ಎದೆ.
ಆಮೇಲೆ ಎದೆನೋವಿನ ಮಾತ್ರೆ ಕೇಳುತ್ತಾರೆ, ಎಂದಳೊಬ್ಬಳು.
ಕೇಳಲಿ. ಬಾಗಿಲ ತನಕವಾದರೂ ಬಂದಂತಾಯಿತಲ್ಲ.

ನಿದ್ದೆ ಬರುತ್ತದೆಯೆ, ಊಟ ಸೇರುತ್ತದೆಯೆ,
ಎಂಟರವರೆಗೆ ಸಲೀಸು, ತೆನೆಯಿಂದ ಕಾಳು ಬಿಡಿಸಿದ ಹಾಗೆ.
ಒಂಬತ್ತಕ್ಕೆ ಬಂದರೆ ನಾಲಿಗೆ ಹಿಂದೆ ಸರಿಯುತ್ತದೆ:
ಸತ್ತಿದ್ದರೇ ಚೆನ್ನಿತ್ತು ಅನ್ನಿಸಿದೆಯೆ?
ಕೇಳಿದರೆ ಸಾವನ್ನು ನಾವೇ ಕರೆದಂತಲ್ಲವೆ?
ಅಲ್ಲ, ಎಂದಳು ಪುಲೆಂಗ್. ಅದು ಬಂದಿದ್ದರೆ
ಆಗಲೇ ಬಂದು ಕೂತಿರುತ್ತದೆ.
ಅದರ ಜೊತೆ ಅವರನ್ನು ಒಬ್ಬರೇ ಬಿಡಬೇಡಿ.

ಮಧ್ಯಾಹ್ನ ನಟನೆ. ಕೇಳುವವಳು ನಾನು, ರೋಗಿ ರೆಲೆಬೊಹಿಲೆ.
ಅವಳಿಗೆ ಕೊಟ್ಟ ಚೀಟಿಯಲ್ಲಿತ್ತು:
ನಲವತ್ತರ ಹೆಂಗಸು. ಗಂಡ ಗಣಿಯಿಂದ ಮರಳಿಲ್ಲ.
ಒಂಬತ್ತಕ್ಕೆ ಉತ್ತರ, ಇಲ್ಲ.
ಎಂಟನ್ನೂ ಚೀಟಿ ನೋಡಿಯೇ ಹೇಳಿದಳು, ನಡುನಡುವೆ ನಗುತ್ತ.
ಒಂಬತ್ತನೆಯದನ್ನು ಕೇಳಿದೆ.
ಚೀಟಿ ಮಡಿಸಿದಳು. ಮತ್ತೆ ಮಡಿಸಿದಳು.
ಹೂಂ, ಅಂದಳು. ಜೂನಿನಲ್ಲಿ.
ದನದ ಹಟ್ಟಿಯ ಹತ್ತಿರ ನಿಂತೇ ಇದ್ದೆ, ಬೆಳಕು ಹರಿಯುವ ತನಕ.

ಏಳು ವರ್ಷ ಒಂದೇ ಹಾದಿ ನಡೆದವರು ನಾವು.
ಜೂನಿನಲ್ಲಿ ಅವಳ ಮೇಲೆ ರೇಗಿದ್ದೆ ನಾನು,
ಲಸಿಕೆಯ ಪೆಟ್ಟಿಗೆ ತಡವಾಗಿ ತಂದಳೆಂದು.

ಒಂದು. ಬಾಯಿಗೆ ಬಂತು, ದೇವರಿದ್ದಾನೆ.
ಎರಡು. ನುಂಗಿಕೊಂಡೆ.
ಮೂರು. ಒಲೆ ಬುಸುಗುಡುತ್ತಿತ್ತು.
ನಾಲ್ಕರ ಹತ್ತಿರ ಎಲ್ಲೋ ಲೆಕ್ಕ ತಪ್ಪಿತು.
ಪುಲೆಂಗ್ ಗಡಿಯಾರ ನೋಡಲಿಲ್ಲ.
ಉಳಿದವರ ನಟನೆಗೆ ತಟ್ಟಿದ ಚಪ್ಪಾಳೆ
ನಮಗೆ ಯಾರೂ ತಟ್ಟಲಿಲ್ಲ.

ಸಂಜೆ ಇಳಿಜಾರಿನಲ್ಲಿ ಹೇಳಿದೆ,
ಪೆಟ್ಟಿಗೆ ಈ ಕಡೆ ಕೊಡು.
ಖಾಲಿ ಪೆಟ್ಟಿಗೆ ಕಣೇ, ಎಂದಳು.
ಇರಲಿ, ಕೊಡು.