ಆರು ಮಿಲಿಮೀಟರ್

ಪುಣೆ, ಟಿಂಬರ್ ಮಾರ್ಕೆಟ್ಟು, ಹೊತ್ತು ಮೂರರ ಮೇಲೆ.
ಸಾಗವಾನಿ ಹಲಗೆಗೆ ತೋಡು ಕೊರೆಯುತ್ತಿದ್ದೇನೆ:
ಈ ತುದಿಗೆ ಆರು, ಆ ತುದಿಗೆ ಒಂಬತ್ತು.

ಲಾಕು ಬಿಗಿದೆ. ಸ್ಪ್ರಿಂಗು ಬಿಚ್ಚಿ ನೋಡಿದೆ.
ಕಂಬಗಳ ಹೊಟ್ಟು ಊದಿ ಮೇಣ ಸವರಿದೆ.
ರೂಟರಿಗೆ ಮರಾಠಿಯಲ್ಲಿ ಬೈದೆ,
ಅದಕ್ಕಾಗಿ ನನ್ನ ಕನ್ನಡ ಯಾಕೆ ಕೆಡಿಸಲಿ.

ಎದುರಂಗಡಿಯ ಮೌನೇಶಣ್ಣ ಬಂದ.
ಚಹಾದ ಗ್ಲಾಸು ಕೆಳಗಿಡದೆಯೇ
ಬಿಟ್ಟಿನ ಕುತ್ತಿಗೆಯ ಹೊಳೆವ ಗೀರು ತೋರಿಸಿದ:
"ಮಷೀನು ಇಳಿದಿಲ್ಲೋ, ಬಿಟ್ಟು ಜಾರೇದ.
ತಳಾ ಮುಟ್ಟೂಹಂಗ ತುರುಕೀದಿ.
ತಳಕ್ಕ ಕುಂತದ್ದನ್ನ ಯಾವ ನಟ್ಟೂ ಹಿಡಿಯೂದಿಲ್ಲ.
ಎಳ್ಳಷ್ಟು ಎತ್ತು, ಆಮ್ಯಾಲ ಬಿಗಿ."

ಎತ್ತಿದೆ. ಬಿಗಿದೆ.
ಆರು. ಆರು. ಆರು.

ಕೆಟ್ಟ ಹಲಗೆ ಇನ್ನೂ ಇಲ್ಲೇ ಇದೆ,
ಹೋಗಹೋಗುತ್ತ ಆಳವಾಗುವ ಒಂದೇ ಗೆರೆ.
ಗಿರಾಕಿ ಸಂಜೆಗೆ ಬರುತ್ತಾಳೆ.
ಗೋಡೆಯ ಕಡೆ ಮುಖ ಮಾಡಿಸಿಟ್ಟಿದ್ದೇನೆ.