ಗುತ್ತಲು ರಸ್ತೆ, ಮೊದಲ ಮಹಡಿ

ಇನ್ನೂರ ಮೂವತ್ತು ಡಿಗ್ರಿ.
ಕಬ್ಬಿನ ಹಾಲು ಬೆಲ್ಲವಾಗುವುದಕ್ಕೂ ಇಷ್ಟು ಕಾವು ಬೇಡ,
ಆಲೆಮನೆಯವರ ಮಗಳು ನಾನು, ನನಗೆ ಗೊತ್ತು.
ಇಂಚರಳ ಗುಂಗುರಿಗೆ ಬೇಕು.
ಬೆರಳಗಲದ ಎಳೆ ಹಿಡಿದು ಬುಡದಿಂದ ತುದಿಗೆ
ಏಳು ಸಲ ಎಳೆಯುತ್ತೇನೆ ಇಸ್ತ್ರಿಯ ದವಡೆ.
ಒಂದು ಕೂದಲೂ ಕೊಂಕದ ಹಾಗೆ ನೋಡಿಕೋ ಎನ್ನುತ್ತಾರಲ್ಲ,
ಆ ಮಾತಿಗೆ ರೇಟು ಕಟ್ಟಿ ಗೋಡೆಗೆ ಅಂಟಿಸಿದ್ದೇನೆ:
ಭುಜದವರೆಗೆ ಮೂರೂವರೆ ಸಾವಿರ,
ಸೊಂಟದವರೆಗಾದರೆ ಕೂತು ಮಾತಾಡೋಣ.

ಕೆರಾಟಿನ್ ಹೊಗೆಗೆ ಕಣ್ಣಲ್ಲಿ ನೀರು.
ಮನೆಯಲ್ಲೇನೋ ಆಗಿದೆ ಪಾಪ, ಅಂದುಕೊಳ್ಳುತ್ತಾರೆ ಗಿರಾಕಿಗಳು.
ಮೊದಮೊದಲು ಅಲ್ಲ ಅಲ್ಲ ಎನ್ನುತ್ತಿದ್ದೆ.
ಈಗ ಒರೆಸಿಕೊಂಡು ಸುಮ್ಮನಿರುತ್ತೇನೆ,
ಹೋಗುವಾಗ ಹತ್ತಿಪ್ಪತ್ತು ಹೆಚ್ಚು ಇಟ್ಟು ಹೋಗುತ್ತಾರೆ.

ಹೋದ ವರ್ಷ ಹಣೆಯ ಎರಡೂ ಕಡೆ ಪರದೆ ಇಳಿಬೀಳಬೇಕಿತ್ತು.
ಆಮೇಲೆ ಬಟರ್‌ಫ್ಲೈ ಕಟ್ಟು.
ಹೊಳಲಿನ ಬಿ.ಎಡ್. ಹುಡುಗಿ ಕನ್ನಡಿಗೆ ಮೂಗು ತಾಗಿಸಿ
ಚಿಟ್ಟೆ ಎಲ್ಲಿ ಅಕ್ಕ ಎಂದಳು.
ಮೊನ್ನೆ ಸೋಮವಾರ ಒಬ್ಬಳು, ನಾನೇ ನೇರ ಮಾಡಿದವಳು,
ಸುರುಳಿಯೇ ಈಗ ಫ್ಯಾಷನ್ನಂತೆ,
ಇದ್ದದ್ದನ್ನು ವಾಪಸ್ ಕೊಡಿ ಎಂದು ಬಂದಳು.
ಅಗಸೆಬೀಜದ ಲೋಳೆ, ರೋಸ್ಮೆರಿ ನೀರು, ರೇಷ್ಮೆ ದಿಂಬು,
ಎಲ್ಲಾ ಫೋನಲ್ಲೇ ಕಲಿತಿರುತ್ತಾರೆ.
ಬೋರಿನ ನೀರಿಗೆ ಮಾತ್ರ ಯಾರ ಫೋನಲ್ಲೂ ಮದ್ದಿಲ್ಲ.
ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ನೆತ್ತಿಗೂ ಕಟ್ಟುತ್ತದೆ.
ದಿನ ಬಿಟ್ಟು ದಿನ ಬರುತ್ತಾಳೆ ನಲ್ಲಿಯಲ್ಲಿ ಕಾವೇರಿ.
ಹೇರ್ ಸ್ಪಾ ಅವತ್ತು ಮಾತ್ರ.

ಕರೆಂಟು ಹೋಯಿತು.
ಇಂಚರಳ ಅರ್ಧ ತಲೆ ವಿಶ್ವೇಶ್ವರಯ್ಯ ನಾಲೆ,
ಇನ್ನರ್ಧ ಹಳ್ಳ.
ಇನ್ವರ್ಟರು ಬಲ್ಬು ಹೊರುತ್ತದೆ, ಇಸ್ತ್ರಿ ಹೊರುವುದಿಲ್ಲ.
ಫ್ಯಾನು ನಿಂತಿತು. ಮೂಲೆಯ ಸ್ಟೂಲಿನಿಂದ
ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಅವಳ ಅಜ್ಜಿ,
ಬೂದನೂರಿನ ನಿಂಗಾಜಮ್ಮ,
"ನಂಗೂ ಒಸಿ ಕತ್ರಿ ಆಡಿಸ್ಬುಡವ್ವ" ಎಂದಳು.
"ತುದಿ ಮಾತ್ರವಾ?"
"ಕಿವಿಮಟ್ಟ."

ಇಂಚರ ಎದ್ದೇಬಿಟ್ಟಳು.
"ತೋಳು ಮ್ಯಾಕ್ಕೆ ಎತ್ತಕಾಗಕಿಲ್ಲ ಕಣವ್ವ, ವರ್ಸಾತು.
ಬಾಚಿಸ್ಕೊಳಕ್ಕೆ ದಿನಾ ಸೊಸೆ ದಾರಿ ಕಾಯ್ಬೇಕು.
ಅವ್ಳಿಗೆ ಅದು ಹಸ ಕರಿಯೋ ಹೊತ್ತು."
"ಅಜ್ಜಿ, ಜನ ಏನಂತಾರೆ?"
"ಜನ ಬಂದು ಬಾಚಾರಾ?"

ಕತ್ತರಿಗೆ ಕರೆಂಟು ಬೇಡ.
ತುರುಬು ಬಿಚ್ಚಿದರೆ ಇಲಿಬಾಲದಷ್ಟು ಜಡೆ,
ಒಳಗೆ ಕೋಳಿಮೊಟ್ಟೆ ಗಾತ್ರದ ಕೂದಲ ಉಂಡೆ.
ಬಾಣಂತನದಲ್ಲಿ ಉದುರಿದ್ದು, ಜ್ವರದಲ್ಲಿ ಉದುರಿದ್ದು,
ಹಣಿಗೆಯಿಂದ ಬಿಡಿಸಿ, ಬೆರಳಿಗೆ ಸುತ್ತಿ, ಗೋಡೆಸಂದಿಗೆ ಸಿಕ್ಕಿಸಿ
ಮೂವತ್ತು ವರ್ಷ ಕೂಡಿಟ್ಟದ್ದು.
"ಎಸೀಬ್ಯಾಡ. ಕೂದ್ಲಿನವ್ನು ಬತ್ತನೆ ಮೊಪೆಡ್ಡಲ್ಲಿ,
ಟೀ ಸೋಸೋ ಜಾಲರಿ ಕೊಡ್ತನೆ."

ಬೆವರು. ನನ್ನ ನೆತ್ತಿಯ ಮೇಲಿನ ನಾಲ್ಕು ಕ್ಲಿಪ್ಪು
ಇರುವೆಗಳ ಹಾಗೆ.
ಟೈಫಾಯ್ಡ್ ಬಂದು ಹೋದ ವರ್ಷದಿಂದ ಇದು,
ಮೈಸೂರಿನಿಂದ ಹದಿನಾಲ್ಕು ಸಾವಿರ ಕೊಟ್ಟು ತಂದದ್ದು.
ಗಂಡನಿಗೂ, ಬಾಗಿಲು ಮುಚ್ಚಿದ ಮೇಲೆ ಈ ಕನ್ನಡಿಗೂ ಬಿಟ್ಟರೆ
ಗುತ್ತಲು ರಸ್ತೆಯಲ್ಲಿ ಯಾರಿಗೂ ಗೊತ್ತಿಲ್ಲ.
ಯಾವ ಊರಿನ ಯಾವ ಗೋಡೆಸಂದಿಯ ಉಂಡೆಯೋ,
ಎಷ್ಟು ಜಾಲರಿಯ ಬೆಲೆಯೋ.
ನನ್ನ ಜುಟ್ಟಿಗೆ ಮಲ್ಲಿಗೆ ಮುಡಿದರೆ
ಘಮ ಯಾರಿಗೆ ಸಲ್ಲುತ್ತದೋ.

ಬಗ್ಗಿ ಕತ್ತರಿಸುತ್ತಿದ್ದೆ. ಅಜ್ಜಿ ತಲೆಯೆತ್ತಲಿಲ್ಲ.
"ಸೆಕೆ ಐತೆ. ನಿಂದೂ ತಗ್ದು ಮಡಗವ್ವ" ಎಂದಳು,
ಚಪ್ಪಲಿ ಬಿಚ್ಚಿಡು ಎನ್ನುವಷ್ಟೇ ಸಲೀಸಾಗಿ.

ಇಂಚರ ಫೋನು ನೋಡುತ್ತಿದ್ದಳು, ಅಥವಾ ನೋಡುವ ಹಾಗೆ ಮಾಡಿದಳು.
ತೆಗೆದೆ. ಬಾಚಣಿಗೆಗಳ ಪಕ್ಕ ಮಡಗಿದೆ.
ಗಾಳಿಯಿಲ್ಲದೆಯೂ ತಣ್ಣಗಾಯಿತು ನೆತ್ತಿ.

ಕರೆಂಟು ಬಂದಾಗ ಇಸ್ತ್ರಿಯ ಕೆಂಪು ದೀಪ ಹೊತ್ತಿತು.
ಉಳಿದರ್ಧಕ್ಕೆ ಇಂಚರ ಮತ್ತೆ ಕುರ್ಚಿ ಹತ್ತಿದಳು,
ಹೊಗೆ ಎದ್ದಿತು, ಕಣ್ಣುರಿಯಿತು.
ಸ್ಟೂಲಿನ ಮೇಲೆ ನಿಂಗಾಜಮ್ಮ,
ಎಪ್ಪತ್ತು ವರ್ಷ ತುರುಬು ಹೊತ್ತ ಕುತ್ತಿಗೆಗೆ
ಇಷ್ಟೊಂದು ಗಾಳಿ ಎಲ್ಲಿಂದ ತಾಗುತ್ತಿದೆಯೆಂದು
ಹಿಂದೆ ಹಿಂದೆ ತಿರುಗಿ ನೋಡುತ್ತಿದ್ದಳು.